ಚಿಮಣಿಗೂ ಪಡಸಾಲೆಗೂ ಒಂದೇ ಪೈಪು

ಮನೆಯಲ್ಲಿ ಏನಾದರೂ ಕೆಲಸವಿದ್ದರೆ ಮಿಸ್ತ್ರಿಯನ್ನು ಕರೆಯುವವರು ಜಾಣರು. ಬಂದ ಮಿಸ್ತ್ರಿಗೇ ಪಾಠ ಹೇಳುವವರು ನನ್ನಂಥ ಮೇಷ್ಟ್ರುಗಳು. ಬೀದರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಗಾಳಿಯ ಒತ್ತಡದ ಪಾಠವನ್ನಂತೂ ಪುಸ್ತಕ ತೆರೆಯದೆ ಹೇಳಬಲ್ಲೆ. ಎಡವಟ್ಟಾದದ್ದು ಅದರಿಂದಲೇ.

ಅದು ಮಳೆ ಕೈಕೊಟ್ಟ ಎರಡನೇ ವರ್ಷ. ಸಂತಪುರದಲ್ಲಿ ನಮ್ಮ ದೊಡ್ಡವ್ವನ ಮನೆಯ ಬಾವಿ ಬತ್ತಿ, ಅವಳ ಮಗ ಸೊಸೆ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿ ತಗಡಿನ ಶೆಡ್ಡಿನಲ್ಲಿದ್ದರು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಈ ದೊಡ್ಡವ್ವ. ಹಟ ಮಾಡಿ ನಮ್ಮ ಮನೆಗೆ ಕರೆತಂದೆ. ಎಂಟು ದಿನಕ್ಕೇ ಅವಳು ಗಂಟು ಕಟ್ಟತೊಡಗಿದಳು.

"ಸೋಮವಾರ ಹೈದರಾಬಾದಿಗಿ ಹೋಗ್ತೀನಪ್ಪ. ನಿಮ್ಮ ಮನ್ಯಾಗ ಎಲ್ಲಾ ಛಲೋ ಅದ, ಉಸರಾಡ್ಲಾಕ ಗಾಳಿ ಒಂದಿಲ್ಲ."

ಗಾಳಿ ಇಲ್ಲದ್ದಕ್ಕೆ ಕಾರಣ ನಾನೇ. ಮಳೆಯಿಲ್ಲದ ಊರಿನಲ್ಲಿ ಕೆಂಪು ಧೂಳು ಮನೆಯವರಿಗಿಂತ ಮೊದಲು ಬಂದು ಕುರ್ಚಿಯ ಮೇಲೆ ಕೂತಿರುತ್ತದೆ. ನೆಲ ಒರೆಸೋಣವೆಂದರೆ ನೀರು ಟ್ಯಾಂಕರಿನದು. ಹಾಗಾಗಿ ಕಿಟಕಿಗಳನ್ನೆಲ್ಲ ಮುಚ್ಚಿ ಸಂದುಗಳಿಗೆ ಟೇಪು ಅಂಟಿಸಿದ್ದೆ. ನನ್ನ ಹೆಂಡತಿ ಸುಜಾತಾ ಆಗಲೇ ಮೂಗು ಮುರಿದಿದ್ದಳು. ದೊಡ್ಡವ್ವ ಆ ಶೆಡ್ಡಿಗೆ ಹೋಗುವುದು ನನಗೆ ಸುತರಾಂ ಬೇಡವಾಗಿತ್ತು. ಕಿಟಕಿ ತೆಗೆದು ಸೋಲೊಪ್ಪುವುದೂ ಬೇಡವಾಗಿತ್ತು. ಅಡಿಗೆಮನೆಗೆ ಹೊಗೆ ಎಳೆಯುವ ಚಿಮಣಿ, ಪಡಸಾಲೆಯ ಗಾಳಿಯನ್ನು ಹೊರಗೆಳೆಯುವ ಫ್ಯಾನು, ಎರಡಕ್ಕೂ ಸೇರಿ ಒಂದೇ ಪೈಪು ಎಂದು ನಕ್ಷೆ ಬರೆದೆ. ಗೋಡೆಗೆ ತೂತು ಒಂದೇ ಆದರೆ ಧೂಳಿಗೂ ದಾರಿ ಒಂದೇ, ಅಲ್ಲವೇ?

ಗಾಂಧಿ ಗಂಜಿನ ಹತ್ತಿರ ತಗಡಿನ ಕೆಲಸ ಮಾಡುವ ರಶೀದ್‌ಭಾಯಿ ನಕ್ಷೆ ನೋಡಿ ತಲೆ ಕೆರೆದುಕೊಂಡ.

"ಸರ್, ಎರಡಕ್ಕೂ ಒಂದೇ ಪೈಪ್ ಬ್ಯಾಡ್ರಿ. ಚಿಮಣಿ ಜೋರ್ ಅದ, ಹೊಗಿ ತಿರುಗಿ ಪಡಸಾಲಿಗಿ ಬರ್ತದ. ಅದರ ಮ್ಯಾಲ ಖಿಡಕಿ ಬ್ಯಾರೆ ಬಂದ್ ಮಾಡೀರಿ. ಗಾಳಿ ಒಳಗ ಬರದೆ ಹೊರಗ ಹ್ಯಾಂಗ ಹೋಗ್ತದ್ರಿ?"

ನಾನು ಅವನನ್ನು ಕೂರಿಸಿ, ಚಹಾ ಕುಡಿಸಿ, ಒತ್ತಡದ ಪಾಠವನ್ನು ಪೂರ್ತಿ ಹೇಳಿದೆ. ಅವನು ಪಾಪ, ಸಭ್ಯಸ್ಥ. "ನೀವು ಓದಿದವ್ರು ಇದ್ದೀರಿ" ಎಂದು, ನಾನು ಹೇಳಿದಂತೆಯೇ ಪೈಪು ಕೂಡಿಸಿಕೊಟ್ಟು ಹೋದ.

ಭಾನುವಾರ ಉದ್ಘಾಟನೆ. ಹೈದರಾಬಾದಿಗೆ ಒಯ್ಯಲು ದೊಡ್ಡವ್ವ ಖಾರಪುಡಿಗೆಂದು ಒಣಮೆಣಸಿನಕಾಯಿ ಹುರಿಯಲು ನಿಂತಳು. ಚಿಮಣಿ ಚಾಲೂ ಮಾಡಿ, ನಾನು ಪಡಸಾಲೆಯ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆ. ಸದ್ದು ಹೆಚ್ಚೆಂದು ಆ ಫ್ಯಾನನ್ನು ಬಂದ್ ಮಾಡಿದ್ದೆ. ಅಡಿಗೆಮನೆಯಲ್ಲಿ ಹೊಗೆಯ ಎಳೆಯೂ ಇಲ್ಲ. ಅದೆಲ್ಲ ಪೈಪಿನ ಒಳಗೇ ಪ್ರಯಾಣ ಮಾಡಿ, ಫ್ಯಾನಿನ ಬಾಯಿಂದ ನೇರ ನನ್ನ ನೆತ್ತಿಗೆ ಇಳಿಯಿತು. ಕೆಮ್ಮಿ ಕೆಮ್ಮಿ ಕನ್ನಡಕ ಎಲ್ಲೋ, ನಾನೆಲ್ಲೋ. ಸುಜಾತಾ ಸೆರಗು ಮೂಗಿಗೆ ಹಿಡಿದು ಓಡಿ ಬಂದು, ನಾನು ಎರಡು ದಿನ ಕೂತು ಅಂಟಿಸಿದ ಟೇಪನ್ನೆಲ್ಲ ಎರಡು ನಿಮಿಷದಲ್ಲಿ ಕಿತ್ತು ಕಿಟಕಿಗಳನ್ನು ತೆರೆದಳು.

ದೊಡ್ಡವ್ವ ಬಾಗಿಲಲ್ಲಿ ನಿಂತು ನನ್ನ ಅವತಾರ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನನಗೆ ಕೆಮ್ಮಿನ ನಡುವೆಯೂ ಹಾಯೆನಿಸಿತು. ಆಮೇಲೆ ಅವಳು ತೆರೆದ ಕಿಟಕಿಯ ಹತ್ತಿರ ಕೂತು, ಓಣಿಯಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಿದ್ದ ಭಾಲ್ಕಿ ಕಡೆಯ ಹೆಂಗಸೊಬ್ಬಳ ಜೊತೆ ಕತ್ತಲಾಗುವವರೆಗೆ ಮಾತಾಡಿದಳು. ಸೋಮವಾರದ ಬಸ್ಸು ಅವಳಿಲ್ಲದೆ ಹೋಯಿತು.

ಮಂಗಳವಾರ ನಾನು ತಲೆ ತಗ್ಗಿಸಿ, ಪೈಪು ಬೇರೆ ಮಾಡಿಸಲು ರಶೀದ್‌ಭಾಯಿಯನ್ನು ಕರೆತಂದೆ. ಅವನು ಏಣಿ ಹತ್ತುವ ಮೊದಲೇ ದೊಡ್ಡವ್ವ ತಡೆದಳು.

"ಬ್ಯಾಡ ಭಾಯಿ, ಅದು ಹಾಂಗೇ ಇರ್ಲಿ. ಅದು ಸರಿ ಆದ್ರ ಇಂವ ಮತ್ತ ಖಿಡಕಿ ಮುಚ್ಚತಾನ."

ರಶೀದ್‌ಭಾಯಿ ನನ್ನ ಮುಖ ನೋಡಿದ. ನಾನು ಅವನಿಗೆ ಇನ್ನೊಂದು ಚಹಾ ಕುಡಿಸಿ ಕಳಿಸಿದೆ. ಈ ಸಲ ಪಾಠ ಹೇಳಲಿಲ್ಲ. ಈಗ ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಒಣಬಟ್ಟೆ ಹಿಡಿದು ಮನೆಯ ಧೂಳು ಒರೆಸುವ ಕೆಲಸ ನನ್ನದು. ದೊಡ್ಡವ್ವ ಕಿಟಕಿಯ ಪಕ್ಕ ಆರಾಮಾಗಿ ಕೂತು, ಎಲ್ಲಿ ಉಳಿದಿದೆ ಎಂದು ಬೆರಳು ಮಾಡಿ ತೋರಿಸುತ್ತಾಳೆ.