ಬೇಡ ಎಂದ ಅಧ್ಯಕ್ಷರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಮೆರಿಕವನ್ನು ನಾನು ಇಂದಿಗೂ ನೋಡಿಲ್ಲ. ಒಂದು ವಿಮಾನ ಇಳಿದು ಇನ್ನೊಂದು ವಿಮಾನ ಹತ್ತುವಷ್ಟು ಹೊತ್ತು ಕೂಡ ಆ ನೆಲದ ಮೇಲೆ ಕಾಲಿಟ್ಟಿಲ್ಲ. ಆದರೂ ಲಂಡನ್ನಿನ ಇಲ್ಫರ್ಡಿನ ಒಂದು ಶಾಲೆಯಲ್ಲಿ, ಹದಿನೇಳು ಹದಿನೆಂಟರ ವಯಸ್ಸಿನ ಮಕ್ಕಳಿಗೆ, ಅಮೆರಿಕದ ಸರ್ಕಾರ ಹೇಗೆ ನಡೆಯುತ್ತದೆ ಎಂದು ಹಲವು ವರ್ಷ ಪಾಠ ಹೇಳಿದ್ದೇನೆ. ಇಂಗ್ಲೆಂಡಿನ ಮಕ್ಕಳಿಗೆ ಅಮೆರಿಕದ ವಿಷಯವನ್ನು ಮೈಸೂರಿನ ಮೇಷ್ಟ್ರು ಕಲಿಸುವುದರಲ್ಲಿ ಎಲ್ಲೋ ಏನೋ ಎಡವಟ್ಟಾಗಿದೆ ಎಂದು ನಿಮಗನ್ನಿಸಿದರೆ ತಪ್ಪಿಲ್ಲ. ನನಗೂ ಹಾಗೇ ಅನ್ನಿಸಿತ್ತು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಚರಿತ್ರೆ ಕಲಿಸಲಿಕ್ಕೆ. ರಾಜ್ಯಶಾಸ್ತ್ರದಲ್ಲಿ ಅಮೆರಿಕದ ಭಾಗವನ್ನು ಕಲಿಸುತ್ತಿದ್ದವರು ಬೇರೆ ಶಾಲೆಗೆ ಹೋದಾಗ ವಿಭಾಗದ ಮುಖ್ಯಸ್ಥೆ ನನ್ನನ್ನು ಕರೆದರು. "ನಿಮ್ಮದು ದೊಡ್ಡ ದೇಶ. ಸಂವಿಧಾನ ಇದೆ, ರಾಜ್ಯಗಳಿವೆ, ಸುಪ್ರೀಂ ಕೋರ್ಟ್ ಇದೆ. ಅಮೆರಿಕದಲ್ಲೂ ಅವೆಲ್ಲ ಇವೆ. ಆದ್ದರಿಂದ ನೀವೇ ಸರಿ" ಎಂದರು. ನಾನು ನಮ್ಮ ಕಡೆಯ ಪದ್ಧತಿಯಂತೆ, "ಅಯ್ಯೋ, ನನಗೆ ಅಷ್ಟೆಲ್ಲ ಬರುವುದಿಲ್ಲ" ಎಂದೆ. ಅದಕ್ಕೆ ಆಕೆ "ಛೆ ಛೆ, ನಿಮಗೆ ಬಾರದ್ದು ಇನ್ಯಾರಿಗೆ ಬರುತ್ತದೆ" ಎನ್ನಬೇಕಾಗಿತ್ತು. ಹಾಗೆನ್ನದೆ, "ಬರುವುದಿಲ್ಲವೇ? ಪರವಾಗಿಲ್ಲ, ಬೇಸಿಗೆ ರಜೆಯಲ್ಲಿ ಓದಿಕೊಳ್ಳಿ" ಎಂದು ಒಂಬತ್ತು ದಪ್ಪ ಪುಸ್ತಕಗಳನ್ನು ನನ್ನ ಕೈಗೆ ಪೇರಿಸಿದರು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಾಗಿತ್ತು.

ಮೊದಲ ದಿನವೇ ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ನೀವು ವೈಟ್ ಹೌಸ್ ನೋಡಿದ್ದೀರಾ?" ಎಂದು ಕೇಳಿದ. ಸ್ವರ್ಗದ ವರ್ಣನೆ ಮಾಡುವ ಪುರೋಹಿತರನ್ನು ಅಲ್ಲಿಗೆ ಹೋಗಿ ಬಂದಿದ್ದೀರಾ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ. ನೋಡದ ಊರಿನ ಬಗ್ಗೆ ಮಾತಾಡುವಾಗ ನೋಡಿದ ಮನೆಯ ಉದಾಹರಣೆ ಕೊಡುವುದೇ ಕ್ಷೇಮ ಎಂದು ನನಗೆ ಬೇಗ ಹೊಳೆಯಿತು. ಅಲ್ಲಿನ ಕಾಂಗ್ರೆಸ್ಸು, ಅಂದರೆ ಸಂಸತ್ತು, ಮಸೂದೆ ಮಾಡುತ್ತದೆ, ಅಧ್ಯಕ್ಷ ಅದನ್ನು ಬೇಡವೆಂದು ವೀಟೋ ಮಾಡಬಹುದು, ಮೂರನೇ ಎರಡರಷ್ಟು ಬಹುಮತವಿದ್ದರೆ ಕಾಂಗ್ರೆಸ್ಸು ಆ ವೀಟೋವನ್ನೂ ಮೀರಬಹುದು. ಪುಸ್ತಕದಲ್ಲಿ ಇದು ನಾಲ್ಕು ಪುಟ. ನಮ್ಮ ಮನೆಯಲ್ಲಿ ಅದು ಹಸಿರು ಸೋಫಾ. ನನ್ನ ಹೆಂಡತಿ ವಸುಧಾ ಹೊಸ ಸೋಫಾ ತರೋಣ ಎಂದಳು, ನಾನು ವೀಟೋ ಮಾಡಿದೆ, ಅವಳೂ ನಮ್ಮ ಮಗನೂ ಕೈಯೆತ್ತಿದರು. ಮನೆಯಲ್ಲಿರುವುದೇ ಮೂರು ಜನ. ಸೋಫಾ ಬಂತು. ಆ ವರ್ಷ ಪರೀಕ್ಷೆಯಲ್ಲಿ ಈ ಪ್ರಶ್ನೆಯನ್ನು ನನ್ನ ತರಗತಿಯ ಮಕ್ಕಳಲ್ಲಿ ಯಾರೂ ತಪ್ಪು ಮಾಡಲಿಲ್ಲ.

ಆದರೆ ನನ್ನ ಪ್ರೀತಿಯ ಪಾಠ ಬೇರೆಯೇ ಇತ್ತು. ಆ ದೇಶದ ಮೊದಲ ಅಧ್ಯಕ್ಷ ಎರಡು ಅವಧಿ ಮುಗಿಸಿ, ಇನ್ನೂ ಬೇಕೆಂದಿದ್ದರೆ ಯಾರೂ ಬೇಡ ಎನ್ನದ ಕಾಲದಲ್ಲಿ, ತಾನಾಗಿಯೇ ಕುರ್ಚಿ ಬಿಟ್ಟು ಮನೆಗೆ ಹೋದದ್ದು. ಎರಡೇ ಅವಧಿ ಎಂಬ ಕಾನೂನು ಬಂದದ್ದು ಒಂದೂವರೆ ಶತಮಾನ ಕಳೆದ ಮೇಲೆ. ಅಲ್ಲಿಯವರೆಗೂ ಇದ್ದದ್ದು ಆತ ಹಾಕಿಕೊಟ್ಟ ಮೇಲ್ಪಂಕ್ತಿ ಮಾತ್ರ. ಇದನ್ನು ಹೇಳುವಾಗ ನಾನು ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದೆ. ದನಿ ತಾನಾಗಿಯೇ ಇಳಿಯುತ್ತಿತ್ತು. "ಅಧಿಕಾರ ಹಿಡಿಯುವುದು ಯಾರಿಗೂ ಬರುತ್ತದೆ. ಬಿಡುವುದು ದೊಡ್ಡವರಿಗೆ ಮಾತ್ರ" ಎನ್ನುವಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದೆ. ಮೊದಲ ಬೆಂಚಿನಲ್ಲಿ ಕೂತ ಮೇಘನಾ ಪಾಟೀಲ ಎಂಬ ಹುಡುಗಿ ಇದನ್ನೆಲ್ಲ ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದಳು. ಧಾರವಾಡದ ಡಾಕ್ಟರ್ ಪಾಟೀಲರ ಮಗಳು. ಶಾಲೆಯಲ್ಲಿ ನನ್ನನ್ನು ಸರ್ ಎನ್ನುತ್ತಿದ್ದಳು, ನಮ್ಮ ಕನ್ನಡ ಕೂಟದಲ್ಲಿ ಅಂಕಲ್ ಎನ್ನುತ್ತಿದ್ದಳು.

ಈಗ ಕನ್ನಡ ಕೂಟದ ವಿಷಯಕ್ಕೆ ಬರಬೇಕು. ಪೂರ್ವ ಲಂಡನ್ನಿನ ನಮ್ಮ ಪುಟ್ಟ ಕೂಟಕ್ಕೆ ಆ ಹೊತ್ತಿಗೆ ಒಂಬತ್ತು ವರ್ಷದಿಂದ ಅಧ್ಯಕ್ಷ ಯಾರು ಎಂದರೆ, ನಾನು. ನಗಬೇಡಿ. ಕುರ್ಚಿಯ ಆಸೆ ನನಗೆ ಇರಲಿಲ್ಲ ಎಂದು ಒಂಬತ್ತು ವರ್ಷವೂ ಹೇಳುತ್ತ ಬಂದಿದ್ದೆ. ಆದರೆ ನನ್ನ ಪರಿಸ್ಥಿತಿಯನ್ನೂ ಸ್ವಲ್ಪ ನೋಡಿ. ವಸುಧಾ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರು. ಹೋದಲ್ಲೆಲ್ಲ ನಾನು ಡಾಕ್ಟರ ಗಂಡ. ಶಾಲೆಯಲ್ಲಿ ಶ್ರೀನಿವಾಸಮೂರ್ತಿ ಎಂಬ ಹೆಸರನ್ನು ಉಚ್ಚರಿಸಲಾರದೆ ಎಲ್ಲರೂ ಮಿಸ್ಟರ್ ಎಸ್ ಎಂದು ಮೊಟಕು ಮಾಡಿದ್ದರು. ಸಂಜೆ ಮಳೆಯಲ್ಲಿ ನಿಂತು ಮಕ್ಕಳನ್ನು ಸಾಲಾಗಿ ಬಸ್ಸಿಗೆ ಹತ್ತಿಸುವುದು ನನ್ನ ಪಾಲಿನ ಕೆಲಸ. ಹೀಗಿರುವಾಗ ಇಲ್ಫರ್ಡಿನ ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದರೆ ಹಿಂದಿನಿಂದ ಯಾರೋ, "ನಮಸ್ಕಾರ ಅಧ್ಯಕ್ಷರೇ!" ಎನ್ನುತ್ತಿದ್ದರು. ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಲಂಡನ್ನಿನಂಥ ಊರಿನಲ್ಲಿ ನಾನು ಯಾರೋ ಒಬ್ಬ ಆಗಿದ್ದುದು ಆ ಒಂದು ಮಾತಿನಲ್ಲಿ ಮಾತ್ರ.

ನಮ್ಮ ಅಧ್ಯಕ್ಷರ ಆಯ್ಕೆಗೆ ಒಂದು ಕ್ರಮವಿತ್ತು. ರಾಜ್ಯೋತ್ಸವದ ದಿನ ಊಟಕ್ಕೆ ಮುಂಚೆ ವಾರ್ಷಿಕ ಸಭೆ. ನಾನು ಎದ್ದು, "ಸಾಕು, ನನಗೂ ವಯಸ್ಸಾಯಿತು, ಇನ್ನು ಚಿಕ್ಕವರು ಯಾರಾದರೂ ವಹಿಸಿಕೊಳ್ಳಲಿ" ಎನ್ನಬೇಕು. ತಕ್ಷಣ ಡಾಕ್ಟರ್ ಪಾಟೀಲರು ಎದ್ದು, "ಏ, ಹಂಗೆಲ್ಲಾ ಅನಬ್ಯಾಡ್ರಿ ಸರ, ನೀವ ಮುಂದುವರೀಬೇಕು" ಎನ್ನಬೇಕು. ನಾನು ಇನ್ನೊಂದು ಸಲ ಬೇಡ ಎನ್ನಬೇಕು. ಆಗ ಹಿಂದಿನಿಂದ ನಾಲ್ಕೈದು ದನಿ, "ನೀವೇ ಇರಿ ಸಾರ್, ನೀವೇ ಇರಿ." ನಾನು ನಿಟ್ಟುಸಿರು ಬಿಟ್ಟು, "ನಿಮ್ಮ ಪ್ರೀತಿಗೆ ಎದುರಾಡಲಾರೆ" ಎಂದು ಕೂರಬೇಕು. ಚಪ್ಪಾಳೆ, ಹಾರ, ಬಿಸಿಬೇಳೆಬಾತು. ಮದುವೆಮನೆಯಲ್ಲಿ ಎಲೆಯ ಮೇಲೆ ಅಡ್ಡಲಾಗಿ ಕೈಯಿಟ್ಟು ಸಾಕು ಸಾಕು ಎನ್ನುವವನ ಬೆರಳ ಸಂದಿಯಲ್ಲೇ ಹೋಳಿಗೆ ಬೀಳಿಸುತ್ತಾರಲ್ಲ, ಅಷ್ಟೇ ಸಹಜವಾಗಿ ಇದು ನಡೆಯುತ್ತಿತ್ತು. ಬೇಡ ಎಂದವನು ಬೇಡ ಎಂದೇ ಹೇಳುತ್ತಿದ್ದಾನೆ ಎಂದು ನಮ್ಮಲ್ಲಿ ಯಾರೂ ತಪ್ಪು ತಿಳಿಯುತ್ತಿರಲಿಲ್ಲ.

ಆ ವರ್ಷವೂ ನಾನು ಎದ್ದು ನಿಂತೆ. ಒಂಬತ್ತು ವರ್ಷದ ಅಭ್ಯಾಸ, ದನಿಗೆ ಹದ ಬಂದಿತ್ತು. "ಸಾಕು, ಇನ್ನು ಚಿಕ್ಕವರು ಯಾರಾದರೂ ವಹಿಸಿಕೊಳ್ಳಲಿ" ಎಂದು ಪಾಟೀಲರ ಕಡೆ ನೋಡಿದೆ. ಅವರ ಕುರ್ಚಿ ಖಾಲಿ! ಐದು ನಿಮಿಷದ ಹಿಂದೆ ಆಸ್ಪತ್ರೆಯಿಂದ ಪೇಜರ್ ಬಡಿದುಕೊಂಡಿತ್ತು, ಸಭೆಯ ಹಾಲ್ ಒಳಗೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲವೆಂದು ಅವರು ಕಾರ್ ಪಾರ್ಕಿಗೆ ಹೋಗಿದ್ದರು. ಪಾಟೀಲರು ಶುರು ಮಾಡದೆ ಮಿಕ್ಕವರು ಹೇಗೆ ದನಿಗೂಡಿಸುತ್ತಾರೆ? ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಡುಗೆಮನೆಯಲ್ಲಿ ಯಾರೋ ಸೌಟು ಕೆಳಗಿಟ್ಟದ್ದೂ ಕೇಳಿಸಿತು. ಆಗ ಪಾಟೀಲರ ಖಾಲಿ ಕುರ್ಚಿಯ ಪಕ್ಕದಿಂದ ಮೇಘನಾ ಎದ್ದು ನಿಂತಳು. ಅಪ್ಪನ ಬದಲು ಮಗಳು, ಬದುಕಿದೆ, ಎಂದುಕೊಂಡೆ.

ಅವಳು ಇಂಗ್ಲಿಷಿನಲ್ಲಿ ಮಾತಾಡಿದಳು. ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ಅಂಕಲ್ ಶಾಲೆಯಲ್ಲಿ ನಮಗೆ ಅಮೆರಿಕದ ಮೊದಲ ಅಧ್ಯಕ್ಷನ ಬಗ್ಗೆ ಪಾಠ ಹೇಳುತ್ತಾರೆ. ಆತ ಮಾಡಿದ ಅತಿ ದೊಡ್ಡ ಕೆಲಸ ಯಾವುದೆಂದರೆ, ಬಿಟ್ಟು ಹೋದದ್ದು. ಅಧಿಕಾರ ಬಿಡುವುದು ದೊಡ್ಡವರಿಗೆ ಮಾತ್ರ ಸಾಧ್ಯ ಎಂದು ಹೇಳುವಾಗ ಅವರ ಕಣ್ಣಲ್ಲಿ ನೀರು ಬರುತ್ತದೆ. ಹೇಳುವುದು ಸುಲಭ ಎಂದು ನಾನು ಅಂದುಕೊಂಡಿದ್ದೆ. ಇವತ್ತು ಅವರು ಮಾಡಿ ತೋರಿಸಿದರು." ಆಮೇಲೆ ಅವಳು ಚಪ್ಪಾಳೆ ತಟ್ಟತೊಡಗಿದಳು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳೆಲ್ಲ ತಟ್ಟಿದರು. ಅವರನ್ನು ನೋಡಿ ದೊಡ್ಡವರೂ ತಟ್ಟಿದರು. ಕೆಲವರು ಎದ್ದೂ ನಿಂತರು. ನಾನು ಕೈಮುಗಿದುಕೊಂಡು ನಗುತ್ತಿದ್ದೆ. ಒಳಗೆ, ಮೊದಲ ಅಧ್ಯಕ್ಷನ ಮೇಲೂ ಮೇಷ್ಟ್ರ ವೃತ್ತಿಯ ಮೇಲೂ ಕೆಟ್ಟ ಸಿಟ್ಟು ಬಂದಿತ್ತು.

ಇನ್ನೂ ಒಂದು ದಾರಿ ಇತ್ತು. ಹೊಸ ಅಧ್ಯಕ್ಷರಾಗಿ ಯಾರ ಹೆಸರು ಬಂದರೂ ಅವರು ಬೇಡ ಎನ್ನಲೇಬೇಕು. ಎರಡು ಮೂರು ಜನ ಬೇಡ ಎಂದರೆ ತಿರುಗಿ ನನ್ನ ಬಳಿಗೇ ಬರಬೇಕು. ಯಾರೋ ಶಿಲ್ಪಾ ಹೆಸರು ಹೇಳಿದರು. ಬೆಂಗಳೂರಿನಿಂದ ಬಂದು ಇಲ್ಫರ್ಡಿನಲ್ಲೇ ಮನೆ ಮಾಡಿಕೊಂಡು ಕಂಪ್ಯೂಟರ್ ಕೆಲಸದಲ್ಲಿದ್ದ ಹುಡುಗಿ, ಕೂಟಕ್ಕೆ ಸೇರಿ ವರ್ಷವಾಗಿತ್ತಷ್ಟೆ. ಅವಳು ಕೂತಲ್ಲಿಂದಲೇ, "ಓಕೆ, ನಾನ್ ಮಾಡ್ತೀನಿ. ಏನೇನ್ ಕೆಲ್ಸ ಇರುತ್ತೆ ಅಂತ ಒಂದ್ ಇಮೇಲ್ ಹಾಕ್ತೀರಾ ಸರ್?" ಎಂದಳು. ಒಂದು ಸಲವೂ ಬೇಡ ಎನ್ನಲಿಲ್ಲ! ಕೂಟದ ಇತಿಹಾಸದಲ್ಲಿ ಹೀಗೆ ಕೇಳಿದ ಕೂಡಲೇ ಒಪ್ಪಿಕೊಂಡವರು ಯಾರೂ ಇರಲಿಲ್ಲ. ಕೈಯೆತ್ತಿದರು, ಎಣಿಸಿದರು, ಮುಗಿಯಿತು. ನನಗೆಂದು ತಂದಿದ್ದ ಹಾರವನ್ನು ನಾನೇ ಅವಳ ಕೊರಳಿಗೆ ಹಾಕಿದೆ. ಆ ಹೊತ್ತಿಗೆ ಸರಿಯಾಗಿ ಪಾಟೀಲರು ಮೊಬೈಲನ್ನು ಜೇಬಿಗೆ ಸೇರಿಸುತ್ತ ಬಾಗಿಲಲ್ಲಿ ಕಾಣಿಸಿಕೊಂಡರು. ನಾನು ಇನ್ನೂ ನಿಂತೇ ಇರುವುದನ್ನು ನೋಡಿ, ತಮ್ಮ ಸರದಿ ಈಗ ಬಂತೆಂದುಕೊಂಡು, ಅಲ್ಲಿಂದಲೇ ಗಟ್ಟಿಯಾಗಿ, "ಏ, ಹಂಗೆಲ್ಲಾ ಅನಬ್ಯಾಡ್ರಿ ಸರ, ನೀವ ಮುಂದುವರೀಬೇಕು!" ಎಂದರು. ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಬಿಸಿಬೇಳೆಬಾತು ಆವತ್ತು ಚೆನ್ನಾಗಿತ್ತಂತೆ.

ಮನೆಗೆ ಹೋಗುವಾಗ ವಸುಧಾ ಕಾರು ಓಡಿಸುತ್ತ, "ಒಳ್ಳೇದೇ ಆಯ್ತು ಬಿಡಿ. ಒಂಬತ್ತು ವರ್ಷದಿಂದ ಬೇಡ ಬೇಡ ಅಂತಿದ್ರಿ, ಕೊನೆಗೂ ಕೇಳಿಸ್ಕೊಂಡ್ರಲ್ಲ" ಎಂದಳು. ಗಂಭೀರವಾಗಿ ಹೇಳಿದಳೋ ತಮಾಷೆಗೋ, ಇಪ್ಪತ್ತೆರಡು ವರ್ಷ ಸಂಸಾರ ಮಾಡಿಯೂ ನನಗೆ ತಿಳಿಯಲಿಲ್ಲ. ನನಗೆ ನಿಜಕ್ಕೂ ಬೇಜಾರಾಗಿತ್ತು. ಸೋಮವಾರ ಅದೇ ಸಿಟ್ಟಿನಲ್ಲಿ ತರಗತಿಗೆ ಹೇಳದೆ ಕೇಳದೆ ಒಂದು ಪರೀಕ್ಷೆ ಕೊಟ್ಟೆ. ಮೇಘನಾಳ ಉತ್ತರಪತ್ರಿಕೆಯಲ್ಲಿ ತಪ್ಪು ಹುಡುಕಿ ಹುಡುಕಿ ಸುಸ್ತಾಗಿ ಕೊನೆಗೆ ಪೂರ್ತಿ ಅಂಕ ಕೊಟ್ಟೆ. ಆ ವಾರ ತರಕಾರಿ ಅಂಗಡಿಗೂ ಹೋಗಲಿಲ್ಲ. ಅಲ್ಲಿ ಯಾರಾದರೂ ಬರೀ ನಮಸ್ಕಾರ ಎಂದು ಬಿಟ್ಟರೆ ಏನು ಮಾಡುವುದು?

ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಅರ್ಜಿಗಳ ಕಾಲ ಬಂತು. ಇಲ್ಲಿ ಮಕ್ಕಳು ತಾವು ಆರಿಸಿದ ವಿಷಯ ಯಾಕೆ ಓದಬೇಕೆಂದು ಒಂದು ಪುಟ ಬರೆಯಬೇಕು, ಮೇಷ್ಟ್ರು ಅದನ್ನು ಓದಿ ಅವರ ಬಗ್ಗೆ ಶಿಫಾರಸು ಬರೆಯಬೇಕು. ಪಾಟೀಲರ ಮನೆಯಲ್ಲಿ ಅಪ್ಪ ಡಾಕ್ಟರು, ಅಮ್ಮ ಡಾಕ್ಟರು, ಮಗಳೂ ಡಾಕ್ಟರಾಗುತ್ತಾಳೆಂದು ಅವಳು ಹುಟ್ಟಿದ ದಿನವೇ ತೀರ್ಮಾನವಾಗಿತ್ತು. ಮೇಘನಾ ಮಾತ್ರ ರಾಜ್ಯಶಾಸ್ತ್ರ ಎಂದು ಹಟ ಹಿಡಿದು, ಮನೆಯಲ್ಲಿ ಒಂದು ತಿಂಗಳು ಮಾತು ಬಿಟ್ಟು, ಹೇಗೋ ಒಪ್ಪಿಸಿದ್ದಳು. ಬರೆದದ್ದನ್ನು ಸ್ಟಾಫ್ ರೂಮಿಗೆ ತಂದು ನನ್ನ ಮುಂದಿಟ್ಟು, ಪೆನ್ಸಿಲ್ ಹಿಡಿದು ನಿಂತಳು. ನಾನು ಓದಿದೆ. ಎರಡನೆಯ ಪ್ಯಾರಾದಲ್ಲಿ ಹೀಗಿತ್ತು: ಅಧಿಕಾರವನ್ನು ಬಿಟ್ಟುಕೊಡುವ ಮನುಷ್ಯರು ಪುಸ್ತಕದಲ್ಲಿ ಮಾತ್ರ ಇರುತ್ತಾರೆಂದು ನಂಬಿದ್ದೆ, ಅಂಥ ಒಬ್ಬರನ್ನು ನಮ್ಮ ಸಮುದಾಯದ ಸಭೆಯಲ್ಲಿ ಕಣ್ಣಾರೆ ಕಂಡೆ, ಅವರು ನನ್ನ ಗುರುಗಳು, ವೈದ್ಯಕೀಯ ಬಿಟ್ಟು ಈ ವಿಷಯ ಓದಬೇಕೆಂದು ನಾನು ತೀರ್ಮಾನಿಸಿದ್ದು ಅಂದೇ.

ಓದಿ ಮುಗಿಸಿ ಆ ಪ್ಯಾರಾವನ್ನು ಇನ್ನೊಂದು ಸಲ ಓದಿದೆ. ನಿಜ ಹೇಳಿಬಿಡಬೇಕು ಎನ್ನಿಸಿತು. ಹೇಳಿದರೆ ಇವಳ ಹಟ ಏನಾಗುತ್ತದೆ, ಇವಳ ಕಣ್ಣಿನಲ್ಲಿ ನಾನೇನಾಗುತ್ತೇನೆ ಎಂದೂ ಅನ್ನಿಸಿತು. ನಾಚಿಕೆಯಾಯಿತು. ನಿಮ್ಮ ಮುಂದೆ ಮುಚ್ಚುಮರೆಯೇಕೆ, ಖುಷಿಯೂ ಆಯಿತು. ಅಧ್ಯಕ್ಷರೇ ಎಂದು ಕರೆಸಿಕೊಂಡ ಒಂಬತ್ತು ವರ್ಷದಲ್ಲಿ ಇಂಥ ಮಾತು ಯಾರೂ ನನ್ನ ಬಗ್ಗೆ ಬರೆದಿರಲಿಲ್ಲ. ಕಾಗದ ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ಒರೆಸುತ್ತ, ಆದಷ್ಟು ಸಂಕೋಚದಿಂದ, "ಇದೆಲ್ಲಾ ಯಾಕಮ್ಮಾ? ನನ್ನ ವಿಷಯ ಬೇಡ, ತೆಗೆದ್ಬಿಡು" ಎಂದೆ.

"ಓಕೆ ಸರ್" ಎಂದು ಮೇಘನಾ ಪೆನ್ಸಿಲನ್ನು ಆ ಸಾಲಿನ ಮೇಲಿಟ್ಟಳು.

ನಾನು ಕಾಗದದ ಮೇಲೆ ಎರಡೂ ಕೈ ಊರಿ, "ಇರಲಿ, ಇರಲಿ! ಬರೆದಿರೋದೆಲ್ಲ ನಿಜಾನೇ ತಾನೆ!" ಎಂದೆ.