ವಾರ ನೋಡಿ ಮುನಿಯುವ ಕಾರು

ರಾತ್ರಿಯೆಲ್ಲ ಸೋನೆ ಹಿಡಿದಿದ್ದ ಮಳೆ ಆ ಶುಕ್ರವಾರ ಬೆಳಗ್ಗೆ ನಿಂತು, ಬೀದಿ ಆಗಷ್ಟೇ ಮಿಂದೆದ್ದ ಕೂಸಿನ ಹಾಗೆ ಹೊಳೆಯುತ್ತಿತ್ತು. ಇಂಥ ಬೆಳಗನ್ನು ಪುಕ್ಕಟೆಯಾಗಿ ಕೊಟ್ಟ ದೇವರಿಗೆ ಕೈಮುಗಿದು, ಗ್ರಂಥಪಾಲಕರು ಕಾರಿನ ಕೀಲಿ ತಿರುಗಿಸಿದರು. ಕಾರು ಉಸಿರೆತ್ತಲಿಲ್ಲ.

ಇಪ್ಪತ್ತೆರಡು ವರ್ಷದ ಕಾರು. ಮನಸ್ಸಾದರೆ ಹೊಳೆಯ ಹಾಗೆ ಹರಿಯುತ್ತದೆ, ಇಲ್ಲದಿದ್ದರೆ ಮಲಗಿದ ಕೋಣ, ಬೀದಿಯುದ್ದ ತಳ್ಳಿಯೇ ಎಬ್ಬಿಸಬೇಕು. ಸಂಜೆ ರಿಪೇರಿಯವನ ಹತ್ತಿರ ಒಯ್ದರೆ ಮಾತ್ರ ಒಂದೇ ತಿರುವಿಗೆ ಗುಡುಗಿ, ಇವರನ್ನೇ ಸುಳ್ಳುಗಾರರನ್ನಾಗಿ ಮಾಡುತ್ತದೆ. ಅದಕ್ಕೇ ಈ ಸಲ ಮೆಕ್ಯಾನಿಕ್ಕನ್ನೇ ಬೆಳಗ್ಗೆ ಮನೆಗೆ ಕರೆಸಿದ್ದರು.

ಇವತ್ತು ತಡವಾಗುವಂತೆಯೇ ಇರಲಿಲ್ಲ. ಹೊಸ ಮೇಲಧಿಕಾರಿ ಅಮ್ಮನವರು ಎಂಟು ಸಲ ಸಹಿಸಿಕೊಂಡು, "ಇನ್ನೊಂದ್ ಸಲ ಹತ್ತು ಗಂಟೆ ದಾಟಿದ್ರೆ ನೆಲಮಾಳಿಗೆಗೆ ಹಾಕ್ತೀನಿ" ಎಂದು ಎಚ್ಚರಿಸಿದ್ದರು. ನೆಲಮಾಳಿಗೆಯೆಂದರೆ ಹಳೆಯ ಪತ್ರಿಕೆಗಳ ಕಟ್ಟುಗಳ ಕೋಣೆ. ಅಲ್ಲಿ ಕಿಟಕಿಯಿಲ್ಲ, ಕುರ್ಚಿಯಿಲ್ಲ, ಇರುವುದೊಂದು ಏಣಿ. ಕಿಟಕಿ ಪಕ್ಕದ ಮೆತ್ತನೆ ಕುರ್ಚಿ ಬಿಟ್ಟು ಅಲ್ಲಿಗಿಳಿಯುವುದನ್ನು ನೆನೆದು ಗ್ರಂಥಪಾಲಕರು ಕೀಲಿಯನ್ನು ಇನ್ನೆರಡು ಸಲ ತಿರುಗಿಸಿದರು.

ಮೆಕ್ಯಾನಿಕ್ ಬರುವ ಮೊದಲೇ ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್ ಬಂದು ಬಾನೆಟ್ಟಿನ ಮೇಲೆ ಅಂಗೈಯಿಟ್ಟರು.

"ಮೈ ತಣ್ಣಗಿದೆ ಕಣಯ್ಯಾ. ರಾತ್ರಿ ನೆನೆದು ಶೀತ ಆಗಿದೆ. ಕಂಬಳಿ ಹೊದಿಸಬಾರದಿತ್ತಾ?"

"ಶೀತಾನೂ ಅಲ್ಲ, ಜ್ವರಾನೂ ಅಲ್ಲ ಮಾವ," ಎದುರು ಮನೆಯ ಟೈಲರ್ ಹಲ್ಲುಜ್ಜುತ್ತಲೇ ಬಂದ. "ಒಳಗೆಲ್ಲೋ ವೈರು ಬಿಟ್ಕೊಂಡಿದೆ. ವೈರು ಅಂದ್ರೂ ದಾರಾನೇ ತಾನೆ? ಎರಡು ಹೊಲಿಗೆ ಹಾಕಿದ್ರೆ ಮುಗೀತು."

"ನೀನು ಹೊಲಿದ ಪ್ಯಾಂಟಲ್ಲಿ ನಾನು ಇವತ್ತಿಗೂ ಕೂರೋಕಾಗಿಲ್ಲ. ಸುಮ್ನಿರೋ!" ಕಾಂಪೌಂಡರ್ ಗದರಿದರು.

ಅಷ್ಟರಲ್ಲಿ ಮೆಕ್ಯಾನಿಕ್ ಬಂದ. ಗ್ರಂಥಪಾಲಕರು ಹೆಮ್ಮೆಯಿಂದ ಒಂದು ನೋಟ್‌ಬುಕ್ ಮುಂದೆ ಹಿಡಿದರು. ಕಾರು ಮುನಿದ ದಿನಗಳನ್ನೆಲ್ಲ ಪುಸ್ತಕಗಳ ಪಟ್ಟಿಯ ಹಾಗೆ ತಾರೀಕು, ಹವೆ, ಪೆಟ್ರೋಲಿನ ಮಟ್ಟ ಸಮೇತ ಅದರಲ್ಲಿ ಬರೆದಿಟ್ಟಿದ್ದರು.

"ಸೋಮವಾರ, ಬುಧವಾರ, ಶುಕ್ರವಾರ. ಮತ್ತೆ ಸೋಮವಾರ, ಬುಧವಾರ..." ಮೆಕ್ಯಾನಿಕ್ ತಲೆಯೆತ್ತಿದ. "ಸಾರ್, ಈ ಕಾರಿಗೆ ಕ್ಯಾಲೆಂಡರ್ ಓದೋದು ಯಾರು ಕಲಿಸಿದ್ರು?"

"ಅದೇ ನಂಗೂ ಗೊತ್ತಾಗ್ತಿಲ್ಲಪ್ಪ. ಮಂಗಳವಾರ, ಗುರುವಾರ ಒಂದ್ ದಿನಾನೂ ಕೈಕೊಟ್ಟಿಲ್ಲ."

ಮೆಕ್ಯಾನಿಕ್ ಬಾನೆಟ್ ಎತ್ತಿ, ಬ್ಯಾಟರಿ ನೋಡಿ, ಫ್ಯೂಸುಗಳ ಪೆಟ್ಟಿಗೆ ಬಿಚ್ಚಿ ಸಿಳ್ಳೆ ಹಾಕಿದ. "ಇಲ್ನೋಡಿ, ಗೂಡು ಖಾಲಿ! ರಿಲೇ ಅಂತ ಸಣ್ಣ ಕಪ್ಪು ಡಬ್ಬಿ ಇರ್ಬೇಕಿತ್ತು. ಅದಿಲ್ಲದೆ ಸ್ಟಾರ್ಟರ್ ತಿರುಗಲ್ಲ. ಇಷ್ಟು ದಿನ ಸಡಿಲವಾಗಿ ಆಟ ಆಡಿಸಿರ್ಬೇಕು, ಇವತ್ತು ಉದುರೇ ಹೋಗಿದೆ. ಹೊಸದು ನಾಳೆ ತರಿಸ್ತೀನಿ."

"ಇಲಿ ತಿಂದಿರ್ತದೆ," ಎಂದರು ಕಾಂಪೌಂಡರ್. "ಪಾಪ, ಅದಕ್ಕೆ ಅಜೀರ್ಣ ಆಗ್ತದೆ."

ಬಾಗಿಲಲ್ಲಿ ನಿಂತಿದ್ದ ಗ್ರಂಥಪಾಲಕರ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಬಂದು ಸ್ಟೀರಿಂಗಿನ ಮುಂದೆ ಕೂತರು. "ಇಲಿ ಪುರಾಣ ಆಮೇಲಾಗ್ಲಿ. ಒಂಬತ್ತೂ ಕಾಲಾಯ್ತು, ತಳ್ಳಿ! ರೀ, ನೀವು ಹಿಂದೆ, ನಡುವೆ! ಬರೀ ಕೈಯಿಟ್ರೆ ಆಗಲ್ಲ, ಭಾರ ಬಿಡಿ!"

ತಳ್ಳಿದರು. ಬೀದಿಯ ಕೊನೆಯಲ್ಲಿ ಕಾರು ಕೆಮ್ಮಿ, ಕ್ಯಾಕರಿಸಿ, ಹಾಡತೊಡಗಿತು. ಹೆಂಡತಿ ಇಳಿದರು, ಗಂಡ ಹತ್ತಿದರು. ಸದ್ದು ಪರೀಕ್ಷಿಸಲೆಂದು ಮೆಕ್ಯಾನಿಕ್, ಅವನನ್ನು ಪರೀಕ್ಷಿಸಲೆಂದು ಕಾಂಪೌಂಡರ್ ಮತ್ತು ಟೈಲರ್ ಕೂಡ ಹತ್ತಿ ಕೂತರು.

ಗ್ರಂಥಪಾಲಕರಿಗೆ ಹಾಡು ಬರುವಷ್ಟು ಖುಷಿ. ದೊಡ್ಡ ರಸ್ತೆಯಲ್ಲಿ ಕೆಂಪು ದೀಪ ಬಿತ್ತು. ಕೆಂಪು ದೀಪ ಕಂಡೊಡನೆ ಪೆಟ್ರೋಲ್ ಉಳಿಸಲು ಎಂಜಿನ್ ಆರಿಸುವುದು ಅವರ ಇಪ್ಪತ್ತು ವರ್ಷದ ವ್ರತ. ಕೈ ತಾನಾಗಿ ಹೋಯಿತು, ಕೀಲಿ ತಿರುಗಿತು.

ಎಂಜಿನ್ ಆರಿತು. "ಭೇಷ್," ಎಂದ ಟೈಲರ್. "ಅರ್ಧ ಚಮಚ ಪೆಟ್ರೋಲ್ ಉಳೀತು."

ಹಿಂದಿನಿಂದ ಹಾರ್ನುಗಳು ಮದುವೆ ಮನೆಯ ವಾಲಗದ ಹಾಗೆ ಊದತೊಡಗಿದವು. ಮುಂದೆ ಗ್ರಂಥಾಲಯದವರೆಗೂ ಏರು. ಗೇರು ಹಾಕುವ ಹದ ತನಗೊಬ್ಬನಿಗೇ ಗೊತ್ತೆಂದು ಮೆಕ್ಯಾನಿಕ್ ಸ್ಟೀರಿಂಗ್ ಹಿಡಿದ, ಗ್ರಂಥಪಾಲಕರು ಇಳಿದು ಹಿಂದೆ ನಿಂತರು. ಕಾಂಪೌಂಡರ್ ಪಕ್ಕದಲ್ಲಿ ನಡೆಯುತ್ತ, "ಉಸಿರು ಮೂಗಲ್ಲಿ ತಗೋ, ಬಾಯಲ್ಲಿ ಬಿಡು," ಎಂದು ಉಪಚಾರ ಹೇಳಿದರು. ಟೈಲರ್ ಒಂದು ಕೈ ಕೊಟ್ಟ. ಇನ್ನೊಂದು ಕೈಯಲ್ಲಿ ಹಲ್ಲುಜ್ಜುವ ಬ್ರಷ್ ಇತ್ತು. ಏರಿನಲ್ಲಿ ಎಂಜಿನ್ ಹತ್ತುವ ಲಕ್ಷಣವೇ ಇಲ್ಲ. ಹೀಗೆ ಕಾರನ್ನು ಗ್ರಂಥಪಾಲಕರೇ ಹೆಚ್ಚುಕಡಿಮೆ ಎದೆಯ ಮೇಲೆ ಹೊತ್ತು ಗ್ರಂಥಾಲಯದ ಗೇಟು ಮುಟ್ಟಿಸಿದಾಗ ಗಂಟೆ ಹತ್ತಕ್ಕೆ ಎರಡು ನಿಮಿಷವಿತ್ತು. ದೇವರು ಕಣ್ಣುಬಿಟ್ಟ!

ಮೇಲಧಿಕಾರಿ ಗೇಟಿನಲ್ಲೇ ನಿಂತಿದ್ದರು. ಗಡಿಯಾರ ನೋಡಿದರು, ಬೆವರು ಸುರಿಯುವ ಮನುಷ್ಯನನ್ನು ನೋಡಿದರು, ಕಾರನ್ನು ನೋಡಿದರು.

"ಪೂರ್ತಿ ಏರು ನೀವೇ ತಳ್ಕೊಂಡು ಬಂದ್ರಾ?"

"ಹೌದಮ್ಮಾ, ಸಮಯಕ್ಕೆ ಸರಿಯಾಗಿ!"

"ಎಂಥ ತಾಕತ್ತು ಸಾರ್ ನಿಮ್ದು! ನೆಲಮಾಳಿಗೆ ಕಟ್ಟುಗಳನ್ನ ಎತ್ತಿ ಜೋಡಿಸೋಕೆ ಇಂಥ ಗಟ್ಟಿ ಆಳನ್ನ ಆರು ತಿಂಗಳಿಂದ ಹುಡುಕ್ತಿದ್ದೆ. ಇವತ್ತಿಂದಲೇ ಶುರು ಮಾಡಿ. ಶಿಕ್ಷೆ ಅಂದ್ಕೋಬೇಡಿ, ಗೌರವ!"

ಸಂಜೆ ಗ್ರಂಥಪಾಲಕರು ಸೊಂಟ ಹಿಡಿದುಕೊಂಡು ನಡೆದೇ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕುಸಿದರು. ಹೆಂಡತಿ ನೀರು ಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡರು.

"ದಿನಕ್ಕೆ ಎಷ್ಟು ಕಟ್ಟು?"

"ನೂರಿಪ್ಪತ್ತು. ಒಂದೊಂದಕ್ಕೂ ಏಣಿ ಹತ್ತಿ ಇಳೀಬೇಕು ಕಣೇ!"

"ದಿನಾನೂ?"

"ದಿನಾನೂ."

"ಬೆವರುತ್ತಾ?"

"ಬೆವರಾ? ಸ್ನಾನವೇ ಆಗುತ್ತೆ!"

ಹರಕೆ ತೀರಿದ ಭಕ್ತೆಯ ಶಾಂತಿ ಆಕೆಯ ಮುಖದಲ್ಲಿ ಹರಡಿತು. "ವಾರಕ್ಕೆ ಮೂರು ದಿನ ಆದ್ರೂ ಮೈ ಬೆವರಲಿ, ಇಲ್ಲದಿದ್ರೆ ಶುಗರ್ ಇಳಿಯಲ್ಲ ಅಂದಿದ್ರು ಡಾಕ್ಟರು. ವಾಕಿಂಗ್ ಹೋಗಿ ಅಂದ್ರೆ ನೀವೆಲ್ಲಿ ಕೇಳಿದ್ರಿ?"

ಆಕೆ ಮೇಲಿನ ಗೂಡಿನಿಂದ, ಗಂಡ ಮುಟ್ಟಬಾರದೆಂದು ಕಟ್ಟುಮಾಡಿದ್ದ ಸಕ್ಕರೆ ಡಬ್ಬಿ ಇಳಿಸಿ, ಒಳಗೆ ಕೈಯಾಡಿಸಿದರು. ಕಪ್ಪನೆಯ ಸಣ್ಣದೊಂದು ವಸ್ತುವನ್ನು ತೆಗೆದು, ಅಂಟಿದ ಸಕ್ಕರೆಯನ್ನು ಸೆರಗಿನಲ್ಲಿ ಒರೆಸಿ, ಮಾತಿಲ್ಲದೆ ಗಂಡನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಿಚಿದರು.