ಬೂರುಗದ ದ್ವೀಪಕ್ಕೊಂದು ಪತ್ರ

ಪಾಕ್ ಮರ್ಸಿದಿಯವರ ಅರ್ಜಿಯಲ್ಲಿ ಹನ್ನೊಂದು ಕಲಂಗಳಿದ್ದವು. ಹತ್ತನ್ನು ಅವರು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ತುಂಬಿದ್ದರು. ಹನ್ನೊಂದನೆಯದು ಖಾಲಿ ಇತ್ತು. 'ಹೋಗಲಿರುವ ಸ್ಥಳ' ಎಂಬ ಆ ಒಂದು ಕಲಮೇ ಮಂಗಳವಾರವಿಡೀ ಅವರನ್ನು ಬುಗುರಿಯಂತೆ ಆಡಿಸಿತು.

ಪಾಕ್ ಎಂದರೆ ಜಾವಾದಲ್ಲಿ ಹಿರಿಯ ಗಂಡಸರನ್ನು ಕರೆಯುವ ಮಾತು; ಹೆಂಗಸರಿಗೆ ಬು, ಎಳೆಯರಿಗೆ ಮಾಸ್. ಅಲ್ಲಿಯ ಸೆಮಾರಾಂಗ್ ನಗರದ ನೀರು ಸರಬರಾಜು ಕಚೇರಿಯಲ್ಲಿ ಮೂವತ್ಮೂರು ವರ್ಷ ಮನೆಮನೆಯ ಮೀಟರ್ ಓದಿ ಅವರು ಹೋದ ತಿಂಗಳಷ್ಟೇ ನಿವೃತ್ತರಾಗಿದ್ದರು. ಉಳಿದ ಆಯುಷ್ಯವನ್ನು ಯಾವುದಾದರೂ ಪುಟ್ಟ ದ್ವೀಪದಲ್ಲಿ ಕಳೆಯಬೇಕೆಂದು ಮೂರು ವರ್ಷದಿಂದ ಸಂಶೋಧನೆ ನಡೆಸಿದ್ದರು. ದಪ್ಪ ನೋಟ್‌ಬುಕ್ಕಿನಲ್ಲಿ ನಲವತ್ತೊಂದು ದ್ವೀಪಗಳ ಲೆಕ್ಕವಿತ್ತು: ವಾರಕ್ಕೆ ಎಷ್ಟು ದೋಣಿ, ಬಾವಿಯ ನೀರು ಸಿಹಿಯೋ ಉಪ್ಪೋ, ಹತ್ತಿರದ ದಾದಿ ಎಷ್ಟು ದೂರ. 'ಇಲ್ಲಿಯ ಜನ ಬಹಳ ಸ್ನೇಹಪರರು' ಎಂದು ಯಾವನಾದರೂ ಪರದೇಶದ ಪ್ರವಾಸಿ ಬರೆದಿದ್ದರೆ ಆ ದ್ವೀಪವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಿದ್ದರು. ಸ್ನೇಹಪರರನ್ನು ಅವರು ಕೆನಾಂಗಾ ಓಣಿಯಲ್ಲಿ ಸಾಕಷ್ಟು ಕಂಡಿದ್ದರು. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ಉಪ್ಪು ಕಡಿಮೆ ಎನ್ನುವವರು, ಬಚ್ಚಲಿನಲ್ಲಿದ್ದರೆ ಬಾಗಿಲಾಚೆ ನಿಂತು ಮಗಳಿಗೆ ಗಂಡು ಗೊತ್ತಾಯಿತೇ ಎಂದು ಕೇಳುವವರು.

"ದ್ವೀಪ ದ್ವೀಪ ಅಂತೀರಲ್ಲ ಪಾಕ್, ಜಾವಾ ಏನು ಗುಡ್ಡವಾ?" ಎಂದು ಹೆಂಡತಿ ಬು ತರ್ನಿ ಕೇಳುತ್ತಿದ್ದರು. ಹದಿನೈದು ಕೋಟಿ ಜನರಿರುವ ದ್ವೀಪವನ್ನು ಮರ್ಸಿದಿ ದ್ವೀಪವೆಂದು ಒಪ್ಪುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಸೆಪಿ. ಜೆಪಾರಾ ಬಂದರಿನಿಂದ ಆರು ಗಂಟೆಯ ದಾರಿ, ವಾರಕ್ಕೊಂದು ದೋಣಿ. ಬಾಡಿಗೆಗೆ ಇದ್ದದ್ದು ಒತ್ತೊತ್ತಾಗಿ ಎರಡೇ ಗುಡಿಸಲು, ನಡುವೆ ಒಂದೇ ಬಾವಿ. ಒಂದನ್ನು ಅವರಿಗಾಗಿ ಇಟ್ಟಿದ್ದ ಮಾಲೀಕ, ಊರು ಬಿಡುವ ಪತ್ರದ ಚಿತ್ರವನ್ನು ಮಂಗಳವಾರ ಮಧ್ಯಾಹ್ನ ಎರಡರೊಳಗೆ ಕಳಿಸದಿದ್ದರೆ ಬೇರೆಯವರಿಗೆ ಕೊಡುವುದಾಗಿ ತಿಳಿಸಿದ್ದ.

ಪತ್ರ ಕೊಡುವುದು ವಾರ್ಡ್ ಕಚೇರಿ. ಆದರೆ ಅದಕ್ಕೂ ಮೊದಲು ಓಣಿಯ ಮುಖ್ಯಸ್ಥರ ಸೀಲು ಬೀಳಬೇಕು. ಮುಖ್ಯಸ್ಥರಿಗೆ ಇಲ್ಲಿ ಎರ್ತೆ ಎನ್ನುತ್ತಾರೆ. ಕೆನಾಂಗಾ ಓಣಿಯ ಎರ್ತೆ ಬು ವಿನಾರ್ಸಿ. ಆಕೆಗೆ ತಿಳಿದ ಸುದ್ದಿ ಓಣಿಯ ಆಚೆ ತುದಿ ಮುಟ್ಟಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಸಾಕಿತ್ತು. ಸೆಪಿಯ ಹೆಸರು ಬಾಯಿಬಿಟ್ಟರೆ ರಜೆ ಬಂದಾಗಲೆಲ್ಲ ಇಡೀ ಓಣಿ ದೋಣಿ ಹತ್ತುತ್ತದೆ ಎಂದು ಮರ್ಸಿದಿ ಬಲ್ಲರು. ಅದಕ್ಕೇ ಬೆಳಿಗ್ಗೆ ಎಂಟಕ್ಕೆ ಖಾಲಿ ಕಲಮಿನ ಅರ್ಜಿ ಹಿಡಿದು ಹೋದರು.

"ಎಲ್ಲಿಗೆ ಹೊರಟಿದ್ದೀರಿ ಪಾಕ್?"

"ಯಾವುದೋ ಪುಟ್ಟ ದ್ವೀಪ, ಬು. ನೀವು ಕೇಳಿರೋಲ್ಲ."

ಬು ವಿನಾರ್ಸಿಯ ಕಣ್ಣು ಯಾಕೋ ಚೂಪಾಯಿತು. ಯಾವ ಕಡೆ, ಯಾವ ಬಂದರು, ಎಷ್ಟು ಗಂಟೆಯ ದಾರಿ ಎಂದು ಪೊಲೀಸರಂತೆ ವಿಚಾರಿಸಿದರು. ಖಾಲಿ ಕಲಮಿಗೆ ಸೀಲು ಹಾಕುವುದಿಲ್ಲವೆಂದು ಹೇಳಿ ಅರ್ಜಿಯನ್ನು ತಮ್ಮಲ್ಲೇ ಇಟ್ಟುಕೊಂಡರು. ನಂಬುವಂಥ ಸುಳ್ಳು ಹೆಸರೊಂದನ್ನು ಹುಡುಕುತ್ತ ಮರ್ಸಿದಿ ಮನೆಗೆ ಬಂದು ಹಾಸಿಗೆಯ ಮೇಲೆ ಉರುಳಿದರು. ಹೆಸರು ಹೊಳೆಯುವ ಮೊದಲು ನಿದ್ದೆ ಬಂತು.

ಜಾವಾದಲ್ಲಿ ಹಾಸಿಗೆಗೆ ಬೂರುಗದ ಹತ್ತಿ ತುಂಬುತ್ತಾರೆ. ಯಾರಾದರೂ ಮಲಗಿದ್ದರೆ 'ಬೂರುಗದ ದ್ವೀಪಕ್ಕೆ ಹೋಗಿದ್ದಾರೆ' ಎನ್ನುವುದು ಮನೆಮನೆಯ ಮಾತು. ಹತ್ತು ಗಂಟೆಗೆ ಬು ವಿನಾರ್ಸಿ ಗೋಡೆಯಾಚೆಯಿಂದ ಇಣುಕಿದಾಗ ಸೋಯಾ ಕಾಳಿನ ತೆಂಪೆ ಕರಿಯುತ್ತಿದ್ದ ಬು ತರ್ನಿ ತಲೆ ಎತ್ತದೆ ಹೇಳಿದ್ದೂ ಅದನ್ನೇ.

"ಪಾಕ್ ಎಲ್ಲಿಗೆ, ಬು?"

"ಇನ್ನೆಲ್ಲಿಗೆ, ಬೂರುಗದ ದ್ವೀಪಕ್ಕೆ."

ಬೇರೆ ದಿನವಾಗಿದ್ದರೆ ಬು ವಿನಾರ್ಸಿ ನಕ್ಕು ಸುಮ್ಮನಾಗುತ್ತಿದ್ದರು. ಅವತ್ತು ಕೈಯಲ್ಲಿ ಅರ್ಜಿಯಿತ್ತು. ಹದಿನೇಳು ಸಾವಿರ ದ್ವೀಪಗಳಿರುವ ದೇಶದಲ್ಲಿ ಬೂರುಗದ ಹೆಸರಿನದೂ ಒಂದು ಇರಬಾರದೇಕೆ?

"ದೊಡ್ಡದಾ?"

"ಎಲ್ಲಿಯ ದೊಡ್ಡದು. ನಮ್ಮಿಬ್ಬರಿಗೇ ಇಕ್ಕಟ್ಟು. ನಡುವೆ ಬೇರೆ ತಗ್ಗು ಬಿದ್ದಿದೆ."

"ದುಡ್ಡು ಕೊಟ್ಟು ಕೊಂಡದ್ದಾ?"

"ಮದುವೇಲಿ ನಮ್ಮಪ್ಪ ಕೊಟ್ಟದ್ದು."

ಬು ವಿನಾರ್ಸಿ ಗೋಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಸೊಳ್ಳೆ ಇಲ್ಲವಾ?"

"ಸುತ್ತಲೂ ಪರದೆ ಕಟ್ಟಿದೀವಲ್ಲ."

ಸುತ್ತಲೂ ಪರದೆ ಕಟ್ಟಿಸಿದ ಸ್ವಂತ ದ್ವೀಪ. ಇಷ್ಟು ವರ್ಷ ಈ ಮನುಷ್ಯ ಹಳೇ ಸ್ಕೂಟರಿನಲ್ಲಿ ಓಡಾಡಿದ್ದು ಬರೀ ನಾಟಕ. ಬು ವಿನಾರ್ಸಿ ಎಂದೂ ಇಲ್ಲದ ಚುರುಕಿನಲ್ಲಿ ಕಲಂ ತುಂಬಿ, ಸೀಲು ಒತ್ತಿ, ಅರ್ಜಿಯನ್ನು ಬು ತರ್ನಿಯ ಕೈಗೆ ಕೊಟ್ಟು ಹೋದರು.

ಮರ್ಸಿದಿ ಹನ್ನೆರಡೂವರೆಗೆ ಎಚ್ಚರಗೊಂಡಾಗ ಮುಂದಿನ ಕೋಣೆಯಲ್ಲಿ ಹದಿನಾಲ್ಕು ಜನ ಕೂತಿದ್ದರು. ಎದುರುಮನೆಯ ಪಾಕ್ ಸರ್ಕಾಮ್ ತಮ್ಮ ಅರವತ್ತು ಪಾರಿವಾಳಗಳಿಗೆ ದ್ವೀಪದ ಪಡುವಣ ತೀರ ಬೇಕೆಂದರು. ಒಬ್ಬಾಕೆ ತಂಗಿಯ ಮದುವೆಗೆ ಜಾಗ ಕೇಳಿದರು. ಇನ್ನೊಬ್ಬಾಕೆಗೆ ಅತ್ತೆಯನ್ನು ಹವಾ ಬದಲಾವಣೆಗೆ ಕಳಿಸಬೇಕಿತ್ತು. ಹವಾ ಒಗ್ಗಿದರೆ ಅಲ್ಲೇ ಬಿಡಬಹುದೆಂದೂ ಸೂಚಿಸಿದರು. ಅಳೆಯುವ ಟೇಪು ತಂದವರೂ ಒಬ್ಬರಿದ್ದರು.

ಮೇಜಿನ ಮೇಲಿದ್ದ ಅರ್ಜಿ ಓದಿದಾಗ ಮರ್ಸಿದಿಗೆ ಸಂಗತಿ ಅರ್ಥವಾಯಿತು. ಮೊದಲು ಬೆವರಿದರು. ಆಮೇಲೆ, ಸೀಲಂತೂ ಬಿದ್ದಿದೆ, ಸೆಪಿಯ ಹೆಸರೂ ಗುಟ್ಟಾಗಿದೆ ಎಂಬುದು ಹೊಳೆದು ಮೈಯೆಲ್ಲ ಹಗುರವಾಯಿತು. ಪಾರಿವಾಳಕ್ಕೆ ಪಡುವಣ ತೀರ, ಮದುವೆಗೆ ಮೂಡಣ ತೀರ, ಅತ್ತೆಗೆ ನಡುವಿನ ತಗ್ಗು, ಯಾರಿಗೂ ಇಲ್ಲವೆನ್ನದೆ ಕರ್ಣನಂತೆ ಹಂಚಿ, ಹಿತ್ತಿಲ ಬಾಗಿಲಿಂದ ಸ್ಕೂಟರ್ ಏರಿದರು. ವಾರ್ಡ್ ಕಚೇರಿಯ ಎದುರಿನ ಚಹದಂಗಡಿಯಲ್ಲಿ ಕೂತು, ಬೂರುಗದ ದ್ವೀಪವನ್ನು ಗೆರೆ ಎಳೆದು ಹೊಡೆದು, ಮೇಲೆ 'ಸೆಪಿ' ಎಂದು ಬರೆದರು. ಗಂಟೆ ಒಂದೂ ನಲವತ್ತು.

ಗುಮಾಸ್ತ ಮಾಸ್ ಯೂದೊ ಅರ್ಜಿಯನ್ನು ಬೆಳಕಿಗೆ ಹಿಡಿದು ನೋಡಿದ. ತಿದ್ದಿದ ಕಡೆ ಎರ್ತೆಯವರ ಸಹಿ ಬೇಕೆಂದ. ವಾಪಸು ಹೋಗಿ ಬರಲು ಹೊತ್ತಿಲ್ಲ ಎಂದು ಮರ್ಸಿದಿ ಗೋಗರೆದರು.

"ಹೋಗೋದು ಯಾಕೆ ಪಾಕ್? ನಿಮ್ಮ ಬು ಎರ್ತೆ ಅಲ್ಲೇ ಕೂತಿದ್ದಾರಲ್ಲ, ಒಂದು ಗಂಟೆಯಿಂದ."

ಹಿಂದಿನ ಬೆಂಚಿನ ಮೇಲೆ ಬು ವಿನಾರ್ಸಿ ಕೈಚೀಲವನ್ನು ಅಪ್ಪಿಕೊಂಡು, ಕದ್ದು ಸಿಕ್ಕಿಬಿದ್ದ ಬೆಕ್ಕಿನಂತೆ ಕೂತಿದ್ದರು. ಮಾಸ್ ಯೂದೊ ಮೇಜಿನ ಮೇಲಿದ್ದ ಇನ್ನೊಂದು ಅರ್ಜಿ ಎತ್ತಿಕೊಂಡ.

"ಒಳ್ಳೇದೇ ಆಯ್ತು. ಅವರದೂ ಸೆಪಿ, ನಿಮ್ಮದೂ ಸೆಪಿ. ಒಂದೇ ದೋಣೀಲಿ ಹೋಗಬಹುದು."

ಬೆಳಗಿನ ಪೊಲೀಸ್ ವಿಚಾರಣೆ ಯಾಕೆಂದು ಮರ್ಸಿದಿಗೆ ಈಗ ತಿಳಿಯಿತು. ಓಣಿಯ ಜನ ಸಾಕಾಗಿ ಆಕೆಯೂ ಗುಟ್ಟಾಗಿ ದ್ವೀಪ ಹುಡುಕಿದ್ದರು. ಎರಡನೆಯ ಗುಡಿಸಲು ಆಕೆಯದು. ಮೂರು ವರ್ಷ, ನಲವತ್ತೊಂದು ದ್ವೀಪ, ಕೊನೆಗೆ ಬಾವಿಯ ಆಚೆ ಬದಿಗೆ ಬು ವಿನಾರ್ಸಿ.

ಆಗ ಮರ್ಸಿದಿಯ ತಲೆಯಲ್ಲಿ ದೀಪ ಹತ್ತಿತು. ಓಣಿಯ ಗದ್ದಲದಲ್ಲಿ ಮುಕ್ಕಾಲು ಪಾಲು ಈಕೆಯದೇ. ಈಕೆ ಹೊರಟುಹೋದರೆ ಕೆನಾಂಗಾ ಓಣಿಯೇ ಸೆಪಿಯಾಗುತ್ತದೆ. ದೋಣಿಯೂ ಬೇಡ, ಉಪ್ಪುನೀರೂ ಬೇಡ. ಅವರು ಅಲ್ಲೇ ಮಾಲೀಕನಿಗೆ 'ಗುಡಿಸಲು ಬೇಡ' ಎಂದು ಸಂದೇಶ ಕಳಿಸಿದರು. ಅರ್ಜಿಗೆ ಅಡ್ಡಗೆರೆ ಎಳೆದು, 'ನಾನು ಕೆನಾಂಗಾ ಓಣಿ ಬಿಟ್ಟು ಹೋಗುವುದಿಲ್ಲ' ಎಂದು ಬರೆದು, ದಿನಾಂಕ ಹಾಕಿ, ದೊಡ್ಡದಾಗಿ ಸಹಿ ಮಾಡಿದರು.

"ನೀವು ಸುಖವಾಗಿ ಹೋಗಿಬನ್ನಿ ಬು. ನಾನು ಇಲ್ಲೇ ಇರ್ತೀನಿ."

ಬು ವಿನಾರ್ಸಿಯೂ ಮಾಸ್ ಯೂದೊನೂ ಮುಖ ಮುಖ ನೋಡಿಕೊಂಡರು. ಎರ್ತೆಯಾದವರು ತಮ್ಮ ಪತ್ರಕ್ಕೆ ತಾವೇ ಸೀಲು ಹಾಕಿಕೊಳ್ಳುವಂತಿಲ್ಲ ಎಂದು ಮಾಸ್ ಯೂದೊ ವಿವರಿಸಿದ. ಸೀಲನ್ನೂ ಎರ್ತೆಯ ಪಟ್ಟವನ್ನೂ ಓಣಿಯ ಇನ್ನೊಬ್ಬರಿಗೆ ವಹಿಸಿಕೊಟ್ಟು ಅವರಿಂದ ಸೀಲು ಹಾಕಿಸಬೇಕು. ಬು ಒಂದು ಗಂಟೆಯಿಂದ ಕೂತು ಓಣಿಯ ಪ್ರತಿಯೊಬ್ಬರಿಗೂ ಫೋನು ಮಾಡಿದ್ದರು. ಒಬ್ಬರಿಗೆ ಡ್ಯೂಟಿ, ಒಬ್ಬರಿಗೆ ಮಂಡಿನೋವು, ಉಳಿದವರೆಲ್ಲ ಬೂರುಗದ ದ್ವೀಪಕ್ಕೆ ಹೋಗುವವರು.

"ನಿಮಗೆ ಡ್ಯೂಟಿ ಇಲ್ಲ ಪಾಕ್, ಮಂಡಿ ಗಟ್ಟಿಯಾಗಿದೆ. ಓಣಿ ಬಿಡೋಲ್ಲ ಅಂತ ಈಗ ತಾನೇ ನನ್ನೆದುರಿಗೇ ಬರೆದುಕೊಟ್ಟಿದ್ದೀರಿ," ಎಂದ ಮಾಸ್ ಯೂದೊ, ಆ ಕಾಗದವನ್ನು ಜೋಪಾನವಾಗಿ ಕಡತಕ್ಕೆ ಸೇರಿಸುತ್ತ.

ಬು ವಿನಾರ್ಸಿ ಕೈಚೀಲದಿಂದ ಸೀಲನ್ನೂ ಶಾಯಿಯ ಡಬ್ಬಿಯನ್ನೂ ತೆಗೆದು, ಮಗುವನ್ನು ಒಪ್ಪಿಸುವಂತೆ, ಎರಡೂ ಕೈಯಿಂದ ಅವರ ಅಂಗೈಗಿಟ್ಟರು. ತಮ್ಮ ಅರ್ಜಿಯನ್ನು ಮುಂದೆ ಸರಿಸಿದರು. ಹೋಗಲಿರುವ ಸ್ಥಳ: ಸೆಪಿ. ಕಾರಣ: ನೆರೆಹೊರೆ.

"ಇಲ್ಲಿ ಒತ್ತಿ, ಪಾಕ್ ಎರ್ತೆ," ಎಂದರು ಬು ವಿನಾರ್ಸಿ. "ನೆಟ್ಟಗೆ ಒತ್ತಿ, ದೋಣಿ ನಾಳೆ ಬೆಳಿಗ್ಗೆ."